ಸಗಣಿಯ ಪಾಂಡವರನ್ನು ಯಾರು ಮಾಡಬೇಕು?

ನಮ್ಮ ಮನಗೂಳಿಯ ಮನೆಯಲ್ಲಿ ದೀಪಾವಳಿ ಹತ್ತಿರ ಬಂತೆಂದರೆ ಎಲ್ಲಕ್ಕಿಂತ ಮೊದಲು ಏಳುವ ಮಾತು ಸಗಣಿಯದು. ಹೊಸ ಬಟ್ಟೆ, ಕರ್ಚೀಕಾಯಿ, ಆಕಾಶಬುಟ್ಟಿ ಎಲ್ಲ ಆಮೇಲೆ. ಯಾರ ಮನೆಯ ಆಕಳು, ಏನು ಮೇಯುತ್ತದೆ, ಎಷ್ಟು ಹೊತ್ತಿಗೆ ಹೋದರೆ ಸಿಗುತ್ತದೆ ಎಂದು ನನ್ನ ಗಂಡ ಮತ್ತು ಅತ್ತೆ ಚಹಾ ಕುಡಿಯುತ್ತ ಗಂಭೀರವಾಗಿ ಮಾತಾಡುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ಇದನ್ನು ಕೇಳಿ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಸಿಂದಗಿಯ ನನ್ನ ತವರಿನಲ್ಲೂ ಸಗಣಿಯ ಪಾಂಡವರನ್ನು ಮಾಡುತ್ತಿದ್ದರು. ಆದರೆ ಅಲ್ಲಿ ಯಾರೋ ಮಾಡಿಬಿಡುತ್ತಿದ್ದರು, ನಾವು ಎದ್ದು ನೋಡುವಷ್ಟರಲ್ಲಿ ಬಾಗಿಲಲ್ಲಿ ಕುಳಿತಿರುತ್ತಿದ್ದವು.

ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಪಾಡ್ಯದ ದಿನ ಬೆಳಗ್ಗೆ ನಮ್ಮ ಕಡೆ ಆಕಳ ಸಗಣಿಯಿಂದ ಪಾಂಡವರನ್ನು ಮಾಡಿ ಬಾಗಿಲುಗಳ ಎರಡೂ ಪಕ್ಕ, ಒಲೆಯ ಹತ್ತಿರ, ಬಚ್ಚಲ ಹಂಡೆಯ ಮುಂದೆ, ದನವಿದ್ದವರ ಮನೆಯಲ್ಲಿ ಮೇವು ಹಾಕುವ ಗೋದಲಿಯ ಮೇಲೆ ಇಡುತ್ತಾರೆ. ಇವು ಕಣ್ಣು ಮೂಗು ಇರುವ ಗೊಂಬೆಗಳಲ್ಲ. ಮುಷ್ಟಿಗಾತ್ರದ, ತುದಿ ಚೂಪಾದ ಪುಟ್ಟ ಗೋಪುರಗಳು. ಅವರ ನಡುವೆ ಹಟ್ಟೆವ್ವ ಎಂಬ ದೊಡ್ಡ ಹೆಂಗಸು, ಅವಳ ಸುತ್ತ ಸಗಣಿಯದೇ ಒಂದು ಗೋಡೆ. ಇಷ್ಟಕ್ಕೇ ಬಿಟ್ಟರೆ ಅದು ಬರೀ ಸಗಣಿ. ಅಲಂಕಾರವಾದ ಮೇಲೆ ನೋಡಬೇಕು. ತಲೆಗೆ ಉತ್ತರಾಣಿಯ ಉದ್ದನೆಯ ಕಡ್ಡಿ, ಮೈಗೆ ಹೊಲದ ಬದುವಿನ ಹಳದಿ ಆವರಿಕೆ ಹೂ, ಚೆಂಡು ಹೂವಿನ ಎಸಳು, ಸೊಂಟಕ್ಕೆ ಎಳೆ ಜೋಳದ ಗರಿ, ಸುಣ್ಣದ ಬೊಟ್ಟು, ಕೆಮ್ಮಣ್ಣಿನ ಬೊಟ್ಟು, ಮೇಲೆ ಮೊಸರಿನ ಹನಿ. ಅಂಗಡಿಯಿಂದ ತರುವ ಸಾಮಾನು ಒಂದೂ ಇಲ್ಲ. ಮನೆಗೆ ಈಗ ಟೈಲ್ಸ್ ಹಾಕಿಸಿದ್ದೇವೆ, ಹಾಗಾಗಿ ಪಾಂಡವರ ಕೆಳಗೆ ಒಂದೊಂದು ಮುತ್ತಲ ಎಲೆ ಬಂದಿದೆ. ಬದಲಾದದ್ದು ಅಷ್ಟೇ.

ಅತ್ತೆ ಮಾಡುವುದನ್ನು ನೋಡುವುದು ನನಗೆ ಪ್ರತಿವರ್ಷದ ಹಬ್ಬವಾಗಿತ್ತು. ಹಿಂದಿನ ದಿನವೇ ತಾವೇ ಹೊಲದ ಕಡೆ ಹೋಗಿ ಉಡಿಯಲ್ಲಿ ಹೂ, ಕಡ್ಡಿ ತುಂಬಿಕೊಂಡು ಬರುತ್ತಿದ್ದರು. ಉತ್ತರಾಣಿಯ ಮುಳ್ಳುಕಾಳು ಅವರ ಸೀರೆಗೆಲ್ಲ ಅಂಟಿಕೊಂಡಿರುತ್ತಿತ್ತು. ಬೆಳಗ್ಗೆ ಸಗಣಿಯನ್ನು ರೊಟ್ಟಿ ಹಿಟ್ಟಿನ ಹಾಗೆ ನಾದಿ, ಅಂಗೈಯಲ್ಲಿ ಒಂದು ಸುತ್ತು ಸುತ್ತಿ ಕೆಳಗಿಟ್ಟರೆ ಅದು ನೆಟ್ಟಗೆ ನಿಲ್ಲುತ್ತಿತ್ತು. ಭೀಮ ಸ್ವಲ್ಪ ದಪ್ಪ, ನಕುಲ ಸಹದೇವರು ಅಚ್ಚು ಹಾಕಿದಂತೆ ಒಂದೇ ಅಳತೆ. ಕೈ ಓಡುತ್ತಿತ್ತು, ಬಾಯಿ ಮಾತ್ರ ಮುಚ್ಚಿರುತ್ತಿತ್ತು.

ನನ್ನದು ತದ್ವಿರುದ್ಧ. ಪ್ರಶ್ನೆ ಕೇಳುವುದು ನನಗೆ ಹುಟ್ಟಿನಿಂದ ಬಂದ ಚಟ, ಬಾಗೇವಾಡಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಶುರುಮಾಡಿದ ಮೇಲೆ ಅದು ರೋಗವೇ ಆಗಿದೆ. ಪಾಂಡವರು ಸಗಣಿಯವರೇ ಯಾಕೆ? ದ್ರೌಪದಿ ಎಲ್ಲಿ? ಉತ್ತರಾಣಿಯೇ ಯಾಕೆ, ಹತ್ತಿಕಟ್ಟಿಗೆ ಯಾಕಾಗಬಾರದು? ಹಟ್ಟೆವ್ವ ಇವರಿಗೆ ತಾಯಿಯೋ, ಹೆಂಡತಿಯೋ, ನೆರೆಮನೆಯವಳೋ? ಅತ್ತೆಯ ಉತ್ತರ ಎಲ್ಲಕ್ಕೂ ಒಂದೇ.

“ಹಂಗ ಐತಿ, ಅದಕ್ಕ ಹಂಗ.”

ಬೀಗ ಹಾಕಿದ ಬಾಗಿಲಿನಂಥ ಉತ್ತರ. ನಾನು ಹೊರಗೆ ನಿಂತು ಇನ್ನೊಂದು ಪ್ರಶ್ನೆ ಹುಡುಕುತ್ತಿದ್ದೆ.

ಈಚೆಗೆ ಮಾವ ತೀರಿಕೊಂಡರು. ಆ ವರ್ಷ ಮನೆಯಲ್ಲಿ ಯಾವ ಹಬ್ಬವೂ ಇಲ್ಲ. ಮರುವರ್ಷದ ದೀಪಾವಳಿಗೆ ಇನ್ನೂ ವಾರವಿದೆ ಎನ್ನುವಾಗ ಮಾವನ ಅಕ್ಕ ಬಂದರು. ಅವರನ್ನು ಇದೇ ಊರಿಗೆ ಕೊಟ್ಟಿದ್ದಾರೆ, ಮನೆ ಎರಡು ಓಣಿ ಆಚೆ. ಮನೆಯಲ್ಲಿ ನಾವೆಲ್ಲ ಅವರನ್ನು ಅಕ್ಕಾರು ಎನ್ನುತ್ತೇವೆ. ತವರುಮನೆಯ ರೀತಿನೀತಿಗೆಲ್ಲ ತಾವೇ ಕಾವಲು ಎಂದು ಅವರಿಗೆ ಯಾರೂ ಹೇಳಿಲ್ಲ, ಆದರೂ ಕಾಯುತ್ತಾರೆ. ಬಂದವರು ಚಹಾ ಮುಗಿಸಿ, ಬಟ್ಟಲು ಕೆಳಗಿಟ್ಟು, ನನ್ನ ಕಡೆ ತಿರುಗಿದರು.

“ಈ ಸಲ ಪಾಂಡವರನ್ನ ನೀ ಮಾಡಬೇಕವ್ವಾ. ಆಕಿ ಕೈ ಹಚ್ಚೂದು ಬ್ಯಾಡ. ಅದು ಮುತ್ತೈದಿ ಕೈಲೇ ಆಗಬೇಕು.”

ಆಕಿ ಎನ್ನಿಸಿಕೊಂಡ ನನ್ನ ಅತ್ತೆ ಅಲ್ಲೇ ಎದುರಿಗೆ ತೊಗರಿಬೇಳೆ ಹಸನು ಮಾಡುತ್ತಿದ್ದರು. ಮೊರದಿಂದ ತಲೆ ಎತ್ತಲಿಲ್ಲ.

“ಹೌದ್ರಿ ಅಕ್ಕಾರ. ಆಕೀನ ಮಾಡ್ಲಿ,” ಎಂದರು. ಹರಳು ಆರಿಸುವ ಬೆರಳು ನಿಲ್ಲಲೂ ಇಲ್ಲ.

ನನಗೆ ಮೈ ಉರಿದುಹೋಯಿತು. ಗೋಡೆಗೆ ವಚನದ ಕ್ಯಾಲೆಂಡರ್ ತೂಗುಹಾಕಿದ ಮನೆ ಇದು. ಹೆಣ್ಣು ಗಂಡು, ಮೇಲು ಕೀಳು ಯಾವುದೂ ಇಲ್ಲ ಎಂದು ದಿನಾ ಸಂಜೆ ಟಿವಿಯಲ್ಲಿ ಪ್ರವಚನ ಕೇಳುವ ಮನೆ. ಇಷ್ಟು ವರ್ಷ ಅತ್ತೆಯ ಕೈಯಿಂದ ಎದ್ದುನಿಂತ ಪಾಂಡವರಿಗೆ ಈಗ ಆ ಕೈ ಬೇಡವಾಯಿತೇ? ಮಾವ ಹೋದಾಗ ಅತ್ತೆಯಿಂದ ಎಷ್ಟು ಹೋಯಿತೋ ನಮಗೆ ಗೊತ್ತಿಲ್ಲ, ಅವರು ಹೇಳಿಕೊಳ್ಳುವವರಲ್ಲ. ಇದ್ದ ಒಂದು ಕೈಚಳಕವನ್ನೂ ಕಿತ್ತುಕೊಳ್ಳುವುದು ಯಾವ ನ್ಯಾಯ? ಅತ್ತೆ ಮತ್ತೆ ಸಗಣಿಯ ಮುಂದೆ ಕೂರಬೇಕು, ಕೂರಿಸಿಯೇ ತೀರಬೇಕು ಎಂದು ನಾನು ಅಲ್ಲೇ ಗಟ್ಟಿಮಾಡಿಕೊಂಡೆ. ಸಿಟ್ಟಿನ ಜೊತೆಗೆ ಹಳೆಯ ಚಟವೂ ಎದ್ದು ಕುಳಿತಿತ್ತು. ಈ ನಿಯಮ ಬಂದದ್ದಾದರೂ ಎಲ್ಲಿಂದ?

ಅಕ್ಕಾರನ್ನೇ ಮೊದಲು ಕೇಳಿದೆ. “ಹಿರ್ಯಾರು ಮಾಡಿಟ್ಟದ್ದವ್ವಾ,” ಎಂದರು. ಯಾವ ಹಿರಿಯರು ಎಂದೆ. “ನಿನ್ನಂಗ ಕೇಳಲಾರದವರು,” ಎಂದು ಚಪ್ಪಲಿ ಮೆಟ್ಟಿ ಹೊರಟರು.

ಮರುದಿನ ನಮ್ಮ ಸ್ಟಾಫ್ ರೂಮಿನಲ್ಲಿ ವಿಚಾರಣೆ ಶುರುವಾಯಿತು. ಕನ್ನಡ ಕಲಿಸುವವರು ಮುದ್ದೇಬಿಹಾಳದವರು. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು.

“ಹೆಂಗಸರು ಮಾಡ್ತಾರೇನ್ರಿ ನಿಮ್ಮಲ್ಲಿ? ನಮ್ಮಲ್ಲಿ ಗಂಡಸೂರು ಮಾಡೂದು. ಒಕ್ಕಲತನ ಮಾಡಾಂವ ಮಾಡಬೇಕು. ನಮ್ಮವ್ವ ಮುಟ್ಟಿದ್ದನ್ನ ನಾ ನೋಡೇ ಇಲ್ಲ.”

ಗಣಿತದ ಮೇಡಂ ತಾಳಿಕೋಟೆಯವರು. ಅವರು ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತ ನಕ್ಕರು.

“ನಮ್ಮನ್ಯಾಗ ಯಾರು ಮೊದಲ ಏಳ್ತಾರ ಅವ್ರು ಮಾಡ್ತಾರ್ರಿ. ಅದಕ್ಕ ಎಲ್ಲಾರೂ ತಡಾ ಮಾಡಿ ಏಳ್ತಾರ.”

ಒಂದೇ ಜಿಲ್ಲೆ, ಒಂದೇ ಹಬ್ಬ, ಒಂದೇ ಸಗಣಿ. ಊರಿಗೊಂದು ಕಾನೂನು. ನನಗೆ ಸಿಟ್ಟು ಅರ್ಧ ಮರೆತೇಹೋಗಿ ಬರೀ ಕುತೂಹಲ ಉಳಿಯಿತು. ಸಂಜೆ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಗುರುತಿಲ್ಲದ ಹೆಂಗಸನ್ನೂ ಬಿಡಲಿಲ್ಲ. ಅವರ ಊರಲ್ಲಿ ಪಾಂಡವರನ್ನು ಸಂಜೆ ಮಾಳಿಗೆಯ ಮೇಲೆ ಹತ್ತಿಸಿ ಇಡುತ್ತಾರಂತೆ, ಒಣಗಿದ ಮೇಲೆ ಹಂಡೆಯ ಒಲೆಗೆ ಹಾಕುತ್ತಾರಂತೆ. ಯಾರು ಮಾಡುತ್ತಾರೆ ಎಂದರೆ, “ಯಾರ ಕೈ ಖಾಲಿ ಇರ್ತೈತಿ ಅವ್ರು,” ಎಂದು ಹೇಳಿ ನನ್ನನ್ನು ಒಂಥರಾ ನೋಡಿ ಕಿಟಕಿಯ ಕಡೆ ತಿರುಗಿದರು.

ಮನೆಗೆ ಬಂದು ಅವ್ವನಿಗೆ ಫೋನ್ ಹಚ್ಚಿದೆ. ನಮ್ಮ ಮನೆಯಲ್ಲಿ ಯಾರು ಮಾಡುತ್ತಿದ್ದರು ಎಂದು ಕೇಳಿದೆ.

“ನಿಮ್ಮ ಆಯಿ ಮಾಡ್ತಿದ್ಳಲ್ಲ. ಆಕಿ ಕೈ ಚಲೋ ಇತ್ತು.”

ಆಯಿ ಎಂದರೆ ನನ್ನ ಅಪ್ಪನ ತಾಯಿ. ಆಕೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಅದನ್ನೇ ನೆನಪಿಸಿ, ಯಾರೂ ಏನೂ ಅನ್ನಲಿಲ್ಲವೇ ಎಂದೆ.

“ಏನಂತಾರ? ಸಗಣಿಗೇನು ಗೊತ್ತ ಆಗ್ತೈತಿ?” ಎಂದು ಅವ್ವ ನಕ್ಕಳು. ಆಮೇಲೆ, “ಯಾಕ, ಅಲ್ಲೇನರ ಆಗೇತೇನು?” ಎಂದು ಅನುಮಾನದಿಂದ ಕೇಳಿದಳು. ಏನಿಲ್ಲ ಎಂದು ಫೋನ್ ಇಟ್ಟೆ.

ಕೋರ್ಟಿನಲ್ಲಿ ಗಟ್ಟಿ ಸಾಕ್ಷಿ ಸಿಕ್ಕ ವಕೀಲರಿಗೆ ಹೇಗಾಗುತ್ತದೋ ನನಗೆ ಹಾಗಾಯಿತು. ಗಂಡನಿಗೆ ಎಲ್ಲವನ್ನೂ ಒಪ್ಪಿಸಿದೆ. ಆತ ಪೇಪರ್ ಮಡಚಿ ಕೇಳಿದ.

“ನೀ ಏನು ಸಗಣಿ ಮ್ಯಾಲ ಪಿಎಚ್‌ಡಿ ಮಾಡಾಕತ್ತೀಯೇನು?”

“ನಿಮ್ಮವ್ವಗಾಗಿ ಮಾಡಾಕತ್ತೇನ್ರಿ. ನೀವರ ಅಕ್ಕಾರಿಗೆ ಒಂದ ಮಾತ ಹೇಳಬಾರದೇನು?”

“ನಾ ಹೇಳಿದ್ರ ಅಕ್ಕಾರು ಕೇಳ್ತಾರೇನು? ಅವ್ರ ಮುಂದ ನಮ್ಮಪ್ಪನೂ ಬಾಯಿ ಬಿಡತಿರ್ಲಿಲ್ಲ.” ಹೇಳಿ ಮತ್ತೆ ಪೇಪರ್ ಬಿಡಿಸಿದ. ಗಂಡಸರಿಗೆ ಪೇಪರ್ ಇರುವುದು ಓದಲಿಕ್ಕಷ್ಟೇ ಅಲ್ಲ, ಮರೆಗೂ ಆಗುತ್ತದೆ.

ಮರುದಿನ ರೊಟ್ಟಿ ಬಡಿಯುವಾಗ ಅತ್ತೆಯ ಎದುರು ಕುಳಿತು ನನ್ನ ತೀರ್ಪನ್ನು ಬಿಚ್ಚಿಟ್ಟೆ. ಮುದ್ದೇಬಿಹಾಳದಲ್ಲಿ ಹೀಗೆ, ತಾಳಿಕೋಟೆಯಲ್ಲಿ ಹೀಗೆ, ಸಿಂದಗಿಯಲ್ಲಿ ನಮ್ಮ ಆಯಿ ಹೀಗೆ. ಯಾರೂ ಯಾರನ್ನೂ ತಡೆದಿಲ್ಲ. ನೀವು ಮಾಡಬಹುದು. ನಾನು ಅಕ್ಕಾರಿಗೆ ಹೇಳುತ್ತೇನೆ, ನೀವು ಅಂಜಬೇಡಿ.

ಅತ್ತೆ ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ತಿರುವಿಹಾಕಿದರು.

“ಹೌದನು? ನಿಮ್ಮ ಆಯಿ ಮಾಡ್ತಿದ್ರನು? ಚಲೋ ಆತು,” ಎಂದರು.

ನಾನು ಕಾದೆ. ಇನ್ನೊಂದು ರೊಟ್ಟಿ ಬಿತ್ತು.

“ಮತ್ತ ಮಾಡ್ತೀರಿಲ್ರಿ ಅತ್ತೀ?”

“ನೀ ಮಾಡವ್ವಾ. ನಿನಗ ಬರ್ತೈತಿ.”

ಇಷ್ಟೆಲ್ಲ ಓಡಾಡಿ ಸಾಕ್ಷಿ ಕೂಡಿಸಿದ್ದಕ್ಕೆ ಸಿಕ್ಕ ಉತ್ತರ ಇದು. ಅಕ್ಕಾರ ಹೆದರಿಕೆ ಇವರ ಎಲುಬಿಗೆ ಇಳಿದಿದೆ, ಇನ್ನು ಬ್ರಹ್ಮ ಬಂದರೂ ತೆಗೆಯಲಾರ ಎಂದುಕೊಂಡೆ. ಅತ್ತೆಯ ಮೇಲೂ ಸಿಟ್ಟು ಬಂತು. ಬೇಕು ಎಂದು ಒಂದು ಮಾತು ಹೇಳಿದ್ದರೆ ನಾನು ಇಡೀ ಓಣಿಯ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆ. ಎರಡು ದಿನ ಅವರೊಂದಿಗೆ ಬೇಕಾದಷ್ಟೇ ಮಾತಾಡಿದೆ. ಅವರು ಅದನ್ನು ಗಮನಿಸಿದಂತೆಯೇ ಕಾಣಲಿಲ್ಲ, ನನಗೆ ಇನ್ನಷ್ಟು ಉರಿಯಿತು.

ಅಮಾವಾಸ್ಯೆಯ ಸಂಜೆ ಗಂಡ ಸಗಣಿ ತಂದ. ಬಕೆಟ್ಟು ತುಂಬ ತಂದು, ಕುಸ್ತಿ ಗೆದ್ದವನಂತೆ ಹಿತ್ತಲ ಕಟ್ಟೆಯ ಮೇಲಿಟ್ಟ. ನಾನು ಒಂದು ಮುದ್ದೆ ತೆಗೆದು ಅಂಗೈಯಲ್ಲಿ ಸುತ್ತಿ ಕೆಳಗಿಟ್ಟೆ. ಅದು ನೋಡನೋಡುತ್ತ ಹರಡಿತು. ಇನ್ನೊಂದು ಇಟ್ಟೆ. ಅದೂ ನಿಧಾನಕ್ಕೆ ಸೊಂಟ ಕಳೆದುಕೊಂಡು ಕುಳಿತುಬಿಟ್ಟಿತು. ಧರ್ಮರಾಯನಿಂದ ಸಹದೇವನವರೆಗೆ ಎಲ್ಲರೂ ದೋಸೆಯಾದರು.

“ಕುಣ್ಯಾಕ ಬರದಾಕಿ ನೆಲ ಡೊಂಕು ಅಂದ್ಳಂತ,” ಎಂದು ಗಂಡ ಚುಡಾಯಿಸಿದ.

“ನೆಲ ಅಲ್ರಿ, ಸಗಣಿ ಡೊಂಕು! ಎಲ್ಲಿಂದ ತಂದ್ರಿ ಇದನ್ನ?”

ಬೈಪಾಸ್ ಹತ್ತಿರದ ಡೈರಿಯಿಂದಂತೆ. ಜರ್ಸಿ ಆಕಳುಗಳು. ದಿನವಿಡೀ ಹಿಂಡಿ ತಿಂದು ನಿಂತಲ್ಲೇ ನಿಲ್ಲುವ ದನದ ಸಗಣಿಯಲ್ಲಿ ನಾರೆಲ್ಲಿಂದ ಬರಬೇಕು? ಜೋಳದ ಕಣಿಕೆ ತಿನ್ನುವ ಜವಾರಿ, ಅಂದರೆ ನಾಡತಳಿಯ ಆಕಳಿನದಾದರೆ ಹಿಡಿದ ಆಕಾರ ಹಿಡಿದಂತೆ ನಿಲ್ಲುತ್ತದೆ. ಒಕ್ಕಲುತನದ ಮನೆಯಲ್ಲಿ ಹುಟ್ಟಿದ ನನಗೆ ಇದು ಗೊತ್ತು, ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಗಂಡನಿಗೂ ಗೊತ್ತಿರಬೇಕಿತ್ತು. ಹಿತ್ತಲ ಹೊಸ್ತಿಲ ಮೇಲೆ ಕುಳಿತಿದ್ದ ಅತ್ತೆ ಸೆರಗು ಬಾಯಿಗೆ ಹಚ್ಚಿಕೊಂಡು ಭುಜ ಕುಣಿಸುತ್ತಿದ್ದರು.

“ಹಿಂಡಿ ತಿಂದ ಪಾಂಡವರು ಎಲ್ಲೆ ಯುದ್ಧ ಮಾಡ್ತಾರ,” ಎಂದರು. “ಹೋಗಪಾ, ಹಿಂದಿನ ಓಣ್ಯಾಗ ಜವಾರಿ ಆಕಳ ಐತಿ. ಕೇಳಿ ತಗೊಂಡ ಬಾ. ಒಂದೀಟ ಜಾಸ್ತೀನ ತಾ.”

ಒಂದಿಷ್ಟು ಹೆಚ್ಚು ಯಾಕೆ ಎಂದು ಕೇಳಬೇಕಿದ್ದವಳು ನಾನು. ಆ ಹೊತ್ತಿನಲ್ಲಿ ದೋಸೆ ಪಾಂಡವರನ್ನು ಕೆರೆದು ಗಿಡದ ಬುಡಕ್ಕೆ ಹಾಕುವ ಗಡಿಬಿಡಿಯಲ್ಲಿದ್ದೆ.

ಪಾಡ್ಯದ ಬೆಳಗ್ಗೆ ನಾನೇ ಕುಳಿತೆ. ಈ ಸಲ ಸಗಣಿ ಮಾತು ಕೇಳಿತು. ಅತ್ತೆಯ ಹಾಗೆ ನೆಟ್ಟಗಲ್ಲದಿದ್ದರೂ ನಿಂತವು. ಭೀಮ ಸ್ವಲ್ಪ ಒಂದು ಕಡೆಗೆ ವಾಲಿದ. ಹಟ್ಟೆವ್ವನ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗಾಯಿತು. ಉತ್ತರಾಣಿ ಸಿಕ್ಕಿಸಿದೆ, ಹೂ ಚುಚ್ಚಿದೆ, ಬೊಟ್ಟು ಇಟ್ಟೆ. ಮಾಡುವಾಗೆಲ್ಲ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಾರೇನೋ, ತಿದ್ದಲು ಒಂದು ಬೆರಳಾದರೂ ಚಾಚುತ್ತಾರೇನೋ ಎಂದು ತಿರುಗಿ ತಿರುಗಿ ನೋಡಿದೆ. ಬಾಗಿಲು ಖಾಲಿ ಇತ್ತು. ನನಗೆ ಅಳುವೇ ಬರುವಂತಾಯಿತು. ನನ್ನ ಕೈಯಲ್ಲಿರುವ ಕೆಲಸ ನನ್ನದಲ್ಲ, ಯಾರಿಂದಲೋ ಕಸಿದು ಕೊಟ್ಟದ್ದು ಎಂದು ಒಂದೇ ಸಮ ಅನ್ನಿಸುತ್ತಿತ್ತು.

ಕೊನೆಯ ಪಾಂಡವನನ್ನು ಹಂಡೆಯ ಮುಂದೆ ಇಟ್ಟು, ಉಳಿದ ಸಗಣಿಯ ಬಕೆಟ್ಟು ಹುಡುಕಿದರೆ ಅದು ಇಟ್ಟ ಜಾಗದಲ್ಲಿ ಇರಲಿಲ್ಲ.

ಹಿತ್ತಲಲ್ಲಿ ಲಿಂಬೆ ಗಿಡದ ಕೆಳಗೆ ಅತ್ತೆ ಕುಳಿತಿದ್ದರು. ಬೆನ್ನು ನನ್ನ ಕಡೆಗಿತ್ತು. ಮೊಣಕೈಯವರೆಗೆ ಸಗಣಿ. ಪಕ್ಕದಲ್ಲಿ ಬಕೆಟ್ಟು, ಒಂದು ಮೊರದ ತುಂಬ ಏನೇನೋ ಸಾಮಾನು. ಮೆಲ್ಲಗೆ ಹೋಗಿ ಹಿಂದೆ ನಿಂತೆ. ನೆಲದ ಮೇಲೆ ಇದ್ದದ್ದು ಪಾಂಡವರಲ್ಲ.

ಸಗಣಿಯದೇ ಗಿಡ್ಡ ಗೋಡೆಯೊಳಗೆ ಗೇಣುದ್ದವೂ ಇಲ್ಲದ ಹೆಂಗಸರು. ಇವಕ್ಕೆ ತಲೆ ಇತ್ತು, ಸೊಂಟ ಇತ್ತು, ತುರುಬು ಇತ್ತು. ಕಣ್ಣಿಗೆ ಸಜ್ಜೆಯ ಕಾಳು. ಎಳೆ ಜೋಳದ ಗರಿಯನ್ನು ಸೀರೆಯ ಹಾಗೆ ಸುತ್ತಿ ಮುಳ್ಳಿನಿಂದ ಸಿಕ್ಕಿಸಿದ್ದರು. ಗೋವಿನಜೋಳದ ತೆನೆಯ ರೇಷ್ಮೆಯಂಥ ಕೆಂಚು ಕೂದಲು ಒಬ್ಬಳ ಬೆನ್ನ ತುಂಬ ಹರಡಿತ್ತು, ಇನ್ನೊಬ್ಬಳು ಹಿಂದೆ ಕುಳಿತು ಅದನ್ನು ಹಿಕ್ಕುತ್ತಿದ್ದಳು. ಒಬ್ಬಳು ಬೀಸುವ ಕಲ್ಲಿನ ಮುಂದೆ. ಒಬ್ಬಳು ಮಜ್ಜಿಗೆ ಕಡೆಯುತ್ತಿದ್ದಳು, ತೊಗರಿಕಡ್ಡಿಯ ಕಡಗೋಲು, ಗಡಿಗೆಯ ಬಾಯಲ್ಲಿ ಬೆಣ್ಣೆಯೆಂದು ಒಂದು ಚಿಟಿಕೆ ಹತ್ತಿ. ತಲೆಯ ಮೇಲೆ ಕೊಡ ಹೊತ್ತವರ ಕೊಡಗಳು ಯಾವುವು ಎಂದು ಬಗ್ಗಿ ನೋಡಿದೆ. ಗಿಡದಿಂದ ಉದುರಿದ ಲಿಂಬೆಯ ಮಿಡಿಗಳನ್ನು ಅರ್ಧ ಕತ್ತರಿಸಿ ತಿರುಳು ತೆಗೆದದ್ದು.

“ಇವರು ಯಾರ್ರಿ ಅತ್ತೀ?”

ಅತ್ತೆ ತಿರುಗಲಿಲ್ಲ. “ಗವಳಣ್ಯಾರು.”

ಗವಳಣಿ ಎಂದರೆ ಹಾಲು ಮೊಸರು ಮಾರುವ ಗೌಳಿಗರ ಹೆಂಗಸು. ಅತ್ತೆಯ ತವರು ಇಂಡಿ ತಾಲ್ಲೂಕಿನ ಅಗರಖೇಡ, ಭೀಮಾ ನದಿಯ ದಂಡೆ. ಹೊಳೆಯ ಆಚೆ ಬದಿ ಮರಾಠಿ ಸೀಮೆ. ಅವರ ಮನೆಯಲ್ಲಿ ದೀಪಾವಳಿಗೆ ಪಾಂಡವರಿಗಿಂತ ಇವರದೇ ಜೋರಂತೆ. ಅವರ ಅವ್ವ ಅಂಗಳದಲ್ಲಿ ಸಗಣಿಯ ಇಡೀ ಒಂದು ವಾಡೆಯನ್ನೇ, ಸುತ್ತುಗೋಡೆಯ ದೊಡ್ಡ ಮನೆಯನ್ನೇ ಕಟ್ಟಿ, ಒಳಗೆ ಮನೆಯ ಹೆಣ್ಣುಮಕ್ಕಳಷ್ಟು ಗವಳಣಿಯರನ್ನು ಇಡುತ್ತಿದ್ದಳಂತೆ. ಇದನ್ನೆಲ್ಲ ಅತ್ತೆ ಕೈ ನಿಲ್ಲಿಸದೆ, ನಾನು ಕೇಳದೆಯೇ ಹೇಳಿದರು. ಅವರ ಬಾಯಿಯಿಂದ ಒಂದೇ ಸಲಕ್ಕೆ ಇಷ್ಟು ಮಾತು ನಾನು ಕೇಳಿರಲಿಲ್ಲ.

“ಮತ್ತ ಇಷ್ಟ ದಿನಾ ಯಾಕ ಮಾಡಲಿಲ್ರಿ?”

“ಲಗ್ನಾಗಿ ಬಂದ ವರ್ಷ ಮಾಡಿದ್ನಿ. ಪಾಂಡವರ ಬಾಜೂಕ ಒಬ್ಬಾಕಿನ್ನ ಇಟ್ಟಿದ್ನಿ. ಅಕ್ಕಾರು ಎತ್ತಿ ತಿಪ್ಪಿಗೆ ಒಗದ್ರು. ಈ ಮನ್ಯಾಗ ಪಾಂಡವರು, ಬ್ಯಾರೆ ಮಂದಿ ಬ್ಯಾಡ ಅಂದ್ರು.” ಅತ್ತೆ ಒಬ್ಬಳ ಸೊಂಟಕ್ಕೆ ಗರಿ ಬಿಗಿದರು. “ಅವತ್ತಿಂದ ಪಾಂಡವರನ್ನ ಮಾಡಿಕೋತ ಬಂದೆ.”

ಅತ್ತೆ ಮುಂದುವರಿದರು.

“ನೀ ಊರೆಲ್ಲಾ ತಿರಗಿ ಕೇಳಿ ಬಂದಿ. ಮುದ್ದೇಬಿಹಾಳದವ್ರಿಗೆ ಕೇಳಿದಿ, ಬಸ್ಸಿನ್ಯಾಗ ಕುಂತವ್ರಿಗೆ ಕೇಳಿದಿ. ಮಾಡಬಹುದೋ ಬಾರದೋ ಅಂತ. ಮಾಡಬೇಕಂತ ಅನಸ್ತೈತೇನು ಅಂತ ನನಗ ಕೇಳಿದೇನು?”

ಬೈದು ಹೇಳಿದ್ದಲ್ಲ. ಹವಾಮಾನ ಹೇಳುವಂತೆ ಹೇಳಿ, ಮೊರದಿಂದ ಇನ್ನೊಂದು ಸಜ್ಜೆ ಕಾಳು ಆರಿಸಿಕೊಂಡರು. ನನಗೆ ನಾಚಿಕೆಯಾಯಿತು, ಅದರ ಹಿಂದೆಯೇ ನಗುವೂ ಬಂತು. ನನ್ನ ಎಲ್ಲ ಪ್ರಶ್ನೆಗಳೂ ಈ ಒಬ್ಬರನ್ನು ಸುತ್ತುಬಳಸಿ ಹೋಗಿದ್ದವು. ಅತ್ತೆಗೆ ಪಾಂಡವರೇ ಬೇಕು ಎಂದು ಅವರ ಪರವಾಗಿ ನಾನೇ ತೀರ್ಮಾನಿಸಿಬಿಟ್ಟಿದ್ದೆ. ಬೇಡ ಎಂದ ಅಕ್ಕಾರು ಅವರನ್ನು ಕೇಳಿರಲಿಲ್ಲ, ಬೇಕು ಎಂದ ನಾನೂ ಕೇಳಿರಲಿಲ್ಲ.

“ಈಗ ಕೇಳ್ತೇನ್ರಿ. ಪಾಂಡವರನ್ನ ಮಾಡಬೇಕಂತ ಅನಸ್ತೈತೇನ್ರಿ?”

“ಇಲ್ಲ,” ಎಂದರು ಅತ್ತೆ. ತಡಮಾಡದೆ, ಸಂಕೋಚವಿಲ್ಲದೆ. “ಒಬ್ಬನೂ ನನಗ ಸೇರಲಿಲ್ಲ. ಆ ಭೀಮನ ಹೊಟ್ಟಿ ತಿದ್ದೂದ ಒಂದ ದೊಡ್ಡ ಕೆಲಸ. ಅಕ್ಕಾರು ಬ್ಯಾಡ ಅಂದ ದಿನ ಹೂವಿನ ಮ್ಯಾಲ ಮಕ್ಕೊಂಡಂಗ ನಿದ್ದಿ ಬಂತ ನನಗ.”

ನಾನು ಪಕ್ಕದಲ್ಲೇ ಮಂಡಿಯೂರಿ ಕುಳಿತೆ. ನನಗೂ ಒಂದು ಮುದ್ದೆ ಕೊಟ್ಟರು. ಈಕೆ ಯಾರು, ಆಕೆ ಯಾರು ಎಂದು ಕೇಳುತ್ತ ಹೋದೆ, ಅವರು ಹೇಳುತ್ತ ಹೋದರು. ಕೂದಲು ಬಿಟ್ಟುಕೊಂಡವಳು ಅವರ ಕೊನೆಯ ತಂಗಿ. ಬೀಸುವವಳು ಅವ್ವ. ಅತ್ತೆ ಕಟ್ಟಿದ ವಾಡೆಯ ಬಾಗಿಲಿಗೆ ಅಡ್ಡಲಾಗಿ ಒಬ್ಬ ಗಂಡಸು ಕಾಲು ಚಾಚಿ ಬಿದ್ದಿದ್ದ. ಅವನು ಪೆಂದ್ಯಾ, ಮರಾಠಿ ಹಾಡುಗಳಲ್ಲಿ ಬರುವ ಕುಂಟ ಗೊಲ್ಲ, ಬೆಣ್ಣೆ ಕೊಡದೆ ಹೋಗಲು ಬಿಡುವುದಿಲ್ಲವೆಂದು ದಾರಿಗೆ ಅಡ್ಡ ಮಲಗುವವನು. ಇವನು ಯಾರ ಹಾಗೆ ಎಂದು ನಾನು ಕೇಳುವ ಮೊದಲೇ ಅತ್ತೆ, “ಜರ್ಸಿ ಸಗಣಿ ತಂದಾಂವ,” ಎಂದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಗರಖೇಡದ ಮಾತು ಆಡುವಾಗ ಅತ್ತೆಯ ಕನ್ನಡದಲ್ಲಿ ಮರಾಠಿ ಶಬ್ದಗಳು ಇಣುಕುತ್ತಿದ್ದವು. ಆ ಶಬ್ದಗಳನ್ನು ಇಷ್ಟು ದಿನ ಎಲ್ಲಿಟ್ಟಿದ್ದರೋ.

ಆರತಿಯ ಹೊತ್ತಿಗೆ ಅಕ್ಕಾರು ಬಂದರು. ತಲಬಾಗಿಲಲ್ಲಿ ನನ್ನ ಪಾಂಡವರನ್ನು ಸುತ್ತ ತಿರುಗಿ ನೋಡಿ, ಭೀಮನನ್ನು ಒಂದು ಬೆರಳಿನಿಂದ ನೆಟ್ಟಗೆ ಮಾಡಿ, “ಬರೋ ವರ್ಷಕ್ಕ ಕೈ ಕುದರತೈತಿ,” ಎಂದರು. ಒಳಗೆ ಬಂದು ಅತ್ತೆಯನ್ನು ಹುಡುಕುತ್ತ ಹಿತ್ತಲಿಗೆ ನಡೆದರು. ನಾನು ಆರತಿ ತಟ್ಟೆಯನ್ನು ಕೆಳಗಿಟ್ಟು ಹಿಂದೆಯೇ ಓಡಿದೆ. ಅವರು ಇನ್ನೊಂದು ಸಲ ಎತ್ತಿ ಒಗೆದರೆ ಈ ಸಲ ನಾನು ಸುಮ್ಮನಿರುವುದಿಲ್ಲ ಎಂದುಕೊಂಡೆ.

ಅಕ್ಕಾರು ಲಿಂಬೆ ಗಿಡದ ಕೆಳಗೆ ನಿಂತರು. ಮುಖ ಗಂಟಿಕ್ಕಿತು.

“ಏನಿದು? ನಿನಗ ಕೈ ಹಚ್ಚಬ್ಯಾಡ ಅಂದಿದ್ನಿಲ್ಲೋ?”

ಅತ್ತೆ ಎದ್ದು ನಿಲ್ಲಲಿಲ್ಲ. ಅಕ್ಕಾರು ಬಂದಾಗ ಅವರು ಕುಳಿತೇ ಇದ್ದದ್ದನ್ನು ನಾನು ಅಂದೇ ನೋಡಿದ್ದು.

“ಪಾಂಡವರಿಗೆ ಕೈ ಹಚ್ಚಿಲ್ರಿ ಅಕ್ಕಾರ. ನೀವು ಹೇಳಿದಂಗ ನಡದೇನಿ. ಇವು ನಿಮ್ಮ ಮನೀವಲ್ರಿ. ನಮ್ಮವ್ವನ ಮನೀವು.”

ದನಿ ಏರಲಿಲ್ಲ, ಮರ್ಯಾದೆಯ ರಿ ಒಂದೂ ಬಿಟ್ಟುಹೋಗಲಿಲ್ಲ. ನಿಯಮ ಅಕ್ಕಾರದೇ. ಅದರ ಪ್ರಕಾರ ಒಂದು ಕೂದಲೆಳೆಯೂ ತಪ್ಪಾಗಿರಲಿಲ್ಲ. ಗಿಡದಲ್ಲಿ ಒಂದು ಅಳಿಲು ಓಡಿ, ಒಂದು ಮಿಡಿ ಉದುರಿ ಪೆಂದ್ಯಾನ ಹೊಟ್ಟೆಯ ಮೇಲೆ ಬಿತ್ತು. ಅಕ್ಕಾರು ಅದನ್ನು ತೆಗೆಯಲು ಬಗ್ಗಿದರು. ಬಗ್ಗಿದವರ ಕಣ್ಣು ಮಜ್ಜಿಗೆ ಕಡೆಯುವವಳ ಮೇಲೆ ನಿಂತಿತು.

“ಈಕಿ ಗಡಗ್ಯಾಗಿಂದು ಏನು? ಅಳ್ಳಿ ಏನು?”

“ಹೌದ್ರಿ. ಬೆಣ್ಣಿ ಅಂತ ಇಟ್ಟೇನಿ.”

“ಹೂಂ,” ಎಂದರು ಅಕ್ಕಾರು. ಅಳ್ಳಿ ಎಂದರೆ ಅರಳೆ, ಹತ್ತಿ. ಇನ್ನೇನಾದರೂ ಅನ್ನುತ್ತಾರೆಂದು ನಾನು ಸೆರಗು ಸಿಕ್ಕಿಸಿಕೊಂಡು ಸಿದ್ಧವಾಗಿ ನಿಂತಿದ್ದೆ. ಅವರು ಮೊಣಕಾಲು ಹಿಡಿದುಕೊಂಡು ನೆಟ್ಟಗಾಗಿ, ಹೊತ್ತಾಯಿತು, ಆರತಿ ಮಾಡೋಣ ನಡಿ ಎಂದು ನನ್ನನ್ನೇ ಗದರಿಸಿ ಒಳಗೆ ಹೋದರು. ಬಿದ್ದ ಲಿಂಬೆಯ ಮಿಡಿ ಅವರ ಕೈಯಲ್ಲೇ ಇತ್ತು.

ಊಟವಾಗಿ ಅವರು ಹೊರಟ ಮೇಲೆ ನಾನು ಗವಳಣಿಯರನ್ನು ತಲಬಾಗಿಲಿಗೆ ತಂದು ಇಡೋಣವೇ ಎಂದೆ. ಓಣಿಯವರೆಲ್ಲ ನೋಡಲಿ ಎನ್ನುವುದು ನನ್ನ ಆಸೆ. ಅತ್ತೆ ಬೇಡವೆಂದರು. ಬಾಗಿಲು ಕಾಯುವುದು ಪಾಂಡವರ ಕೆಲಸ, ಇವರಿಗೆ ಇವರದೇ ಕೆಲಸ ಇದೆ ಎಂದರು. ಸಂಜೆ ವಾಡೆಯ ಗೋಡೆಯ ಮೇಲೆ ನಾನೇ ಹಣತೆ ಹಚ್ಚಿಟ್ಟೆ. ಆ ಬೆಳಕಿನಲ್ಲಿ ಒಬ್ಬೊಬ್ಬರನ್ನೇ ನೋಡುತ್ತ ಬಂದೆ. ಕಡೆಯುವವಳು, ಬೀಸುವವಳು, ಹಿಕ್ಕುವವಳು, ಹೊರುವವರು. ಮೂಲೆಯಲ್ಲಿ ಗೋಡೆಗೆ ಒರಗಿ, ಕಾಲು ಮುಂದೆ ಚಾಚಿ ಕುಳಿತ ಒಬ್ಬಳಿದ್ದಳು. ಅವಳ ಕೈಯಲ್ಲಿ ಏನೂ ಇರಲಿಲ್ಲ, ತಲೆಯ ಮೇಲೂ ಏನೂ ಇರಲಿಲ್ಲ. ಗಡಿಬಿಡಿಯಲ್ಲಿ ಮರೆತಿರಬೇಕೆಂದು ನಾನು ಮೊರದಿಂದ ಒಂದು ಲಿಂಬೆಯ ಕೊಡ ತೆಗೆದು ಅವಳ ತಲೆಗೆ ಇಡಲು ಹೋದೆ.

ಅತ್ತೆ ನನ್ನ ಕೈ ಹಿಡಿದರು.

“ಇರ್ಲಿ ಬಿಡು. ಆಕಿ ಸುಮ್ನ ಕುಂತಾಳ.”